ಯಂತ್ರಕ್ಕೆ ಕಾಣದ ಕೆಲಸ
ಗಣಕಯಂತ್ರಕ್ಕೆ ವ್ಯವಹಾರ ವಹಿಸುವ ಮುನ್ನ ಒಂದು ವಿಚಾರ

ನಮ್ಮ ಸಂಘದ ವ್ಯವಹಾರವನ್ನು ಪೂರ್ತಿಯಾಗಿ ಗಣಕೀಕರಣಗೊಳಿಸಬೇಕೆಂಬ ಸೂಚನೆ ಕಳೆದ ಸರ್ವಸದಸ್ಯರ ಸಭೆಯಲ್ಲಿ ಬಂದದ್ದು ಸದಸ್ಯ ಬಾಂಧವರಿಗೆ ನೆನಪಿರಬಹುದು. ಜಮಾ-ಖರ್ಚಿನ ಮಟ್ಟಿಗೆ ಗಣಕಯಂತ್ರ ನಮ್ಮ ಕಚೇರಿಗೆ ಹೊಸದಲ್ಲ. ಈಗಿನ ಪ್ರಸ್ತಾಪ ಅದಕ್ಕಿಂತ ದೊಡ್ಡದು. ತೂಕದ ಕಟ್ಟೆ, ಗೋದಾಮು, ಮುಂಗಡ, ಟೆಂಡರು, ಪಾವತಿ, ಎಲ್ಲವನ್ನೂ ಒಂದೇ ತಂತ್ರಾಂಶದೊಳಗೆ ತರಬೇಕೆಂಬುದು ಅದರ ಸಾರ. ದೇಶದ ಸಹಕಾರ ರಂಗವೆಲ್ಲ ಈಗ ಇದೇ ದಿಕ್ಕಿಗೆ ನಡೆದಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣಗೊಳಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮದು ಪತ್ತಿನ ಸಂಘವಲ್ಲ, ಬೆಳೆಗಾರರ ಮಾರಾಟ ಸಂಘ; ಆದರೂ ನಾವು ಇದರಿಂದ ದೂರ ನಿಲ್ಲಲಾಗದು, ನಿಲ್ಲಬೇಕಾಗಿಯೂ ಇಲ್ಲ.

ತಂತ್ರಾಂಶ ಒದಗಿಸಲು ಮುಂದೆ ಬಂದವರು ಮೊದಲು ಕೇಳುವುದು ಒಂದೇ ಮಾತು: “ನಿಮ್ಮಲ್ಲಿ ಏನೇನು ಕೆಲಸ ನಡೆಯುತ್ತದೆ, ಪಟ್ಟಿ ಮಾಡಿ ಕೊಡಿ.” ಕೇಳುವುದು ನ್ಯಾಯವೇ. ಬೈಲಾ ಇದೆ, ಸುತ್ತೋಲೆಗಳಿವೆ, ರಿಜಿಸ್ಟರುಗಳಿವೆ. ಅವುಗಳನ್ನು ಮುಂದಿಟ್ಟುಕೊಂಡು ಕುಳಿತರೆ ಪಟ್ಟಿ ಒಂದು ದಿನದಲ್ಲಿ ಆಗುತ್ತದೆ. ಆದರೆ ಹಾಗೆ ಮಾಡಿದ ಪಟ್ಟಿಯಲ್ಲಿ ಸಿಗುವುದು ಕೆಲಸ ಹೇಗೆ ನಡೆಯಬೇಕು ಎಂಬುದು ಮಾತ್ರ. ಅದು ಹೇಗೆ ನಡೆಯುತ್ತಿದೆ ಎಂಬುದು ಅದರಲ್ಲಿ ಸಿಗುವುದಿಲ್ಲ. ಈ ಎರಡರ ನಡುವೆ ಇರುವ ಅಂತರವನ್ನು ಅರಿಯಲು ಕಳೆದ ನಲವತ್ತು ವರ್ಷಗಳಿಂದ ಒಂದು ಶಾಸ್ತ್ರವೇ ಬೆಳೆದಿದೆ. ಮನುಷ್ಯ ಕೇಂದ್ರಿತ ಗಣಕ ವಿಜ್ಞಾನ ಎಂದು ಅದನ್ನು ಕರೆಯಬಹುದು. ಯಂತ್ರವನ್ನು ಅರಿಯುವ ಮೊದಲು ಅದನ್ನು ಬಳಸುವ ಮನುಷ್ಯನ ಕೆಲಸವನ್ನೂ ಆ ಕೆಲಸದ ಸನ್ನಿವೇಶವನ್ನೂ ಅರಿಯಬೇಕು ಎಂಬುದು ಅದರ ತಿರುಳು. ಆಡಳಿತ ಮಂಡಳಿ ತೀರ್ಮಾನಕ್ಕೆ ಬರುವ ಮುನ್ನ ಈ ಶಾಸ್ತ್ರದ ಕೆಲವು ಪಾಠಗಳು ಸದಸ್ಯರ ಗಮನಕ್ಕೆ ಬರಲಿ ಎಂದು ಈ ಲೇಖನ.

ಹಸಿರು ಗುಂಡಿ ಒತ್ತಿದರೆ ಸಾಕೆ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಾಲೊ ಆಲ್ಟೊ ಎಂಬ ಊರಿನಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಿತ್ತು. 1980ರ ದಶಕದ ಆರಂಭದಲ್ಲಿ ಆ ಕಂಪನಿ ಒಂದು ದೊಡ್ಡ ನಕಲು ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಹಸಿರು ಗುಂಡಿ ಒತ್ತಿದರೆ ಸಾಕು, ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ ಎಂಬ ಧಾಟಿಯಲ್ಲಿ ಜಾಹೀರಾತೂ ಬಂತು. ಆದರೆ ಕೊಂಡವರಿಂದ ಬಂದ ದೂರು ಬೇರೆಯೇ ಆಗಿತ್ತು: ಯಂತ್ರ ಬಹಳ ತೊಡಕಿನದು, ಬಳಸಲು ಆಗುತ್ತಿಲ್ಲ.

ಆ ಕೇಂದ್ರದಲ್ಲಿದ್ದ ಲೂಸಿ ಸಚ್‌ಮನ್ ಎಂಜಿನಿಯರ್ ಅಲ್ಲ, ಮಾನವಶಾಸ್ತ್ರ ಓದಿದವರು. ಬುಡಕಟ್ಟಿನ ಜನರ ನಡುವೆ ಹೋಗಿ ಕುಳಿತು ಅವರ ಬದುಕನ್ನು ನೋಡಿ ಬರೆಯುವುದು ಆ ಶಾಸ್ತ್ರದ ಪದ್ಧತಿ. ಸಚ್‌ಮನ್ ಅದೇ ಪದ್ಧತಿಯನ್ನು ನಕಲು ಯಂತ್ರದ ಮುಂದೆ ನಿಂತವರಿಗೆ ಅನ್ವಯಿಸಿದರು. ಯಂತ್ರದೊಡನೆ ಜನ ಪಡುವ ಪಾಡನ್ನು ಚಲಚ್ಚಿತ್ರದಲ್ಲಿ ಹಿಡಿದರು. ಅಂಥ ಒಂದು ಚಿತ್ರದಲ್ಲಿ ಎರಡು ಬದಿಯ ನಕಲು ತೆಗೆಯಲಾಗದೆ ತಡಕಾಡುವವರಲ್ಲಿ ಒಬ್ಬರು ಅಲನ್ ನ್ಯೂವೆಲ್. ಕೃತಕ ಬುದ್ಧಿಮತ್ತೆಯ ಮೂಲಪುರುಷರಲ್ಲಿ ಒಬ್ಬರೆಂದು ಹೆಸರಾದವರು. ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1975ರಲ್ಲೇ ಪಡೆದವರು. ಅಂಥವರಿಗೇ ತಿಳಿಯಲಿಲ್ಲವೆಂದರೆ ಕೊರತೆ ಬಳಸುವವರ ಬುದ್ಧಿಯಲ್ಲಿ ಇಲ್ಲ ಎಂದಾಯಿತು.

ಮುಂದೆ ಸಚ್‌ಮನ್ ಇನ್ನೊಂದು ಹೆಜ್ಜೆ ಹೋದರು. ನಕಲು ಯಂತ್ರಕ್ಕೆ ಬುದ್ಧಿವಂತ ಸಹಾಯಕನಂತೆ ಸೂಚನೆ ಕೊಡುವ ಒಂದು ಗಣಕವನ್ನು ಜೋಡಿಸಲಾಗಿತ್ತು. ಅದನ್ನು ಎಂದೂ ಬಳಸದ ಇಬ್ಬಿಬ್ಬರನ್ನು ಒಟ್ಟಿಗೆ ನಿಲ್ಲಿಸಿ, ಅವರ ಮಾತುಕತೆಯನ್ನು ಚಿತ್ರೀಕರಿಸಿ, ಬರೆದು ನಾಲ್ಕು ಅಂಕಣಗಳಲ್ಲಿ ಜೋಡಿಸಿದರು. ಬಳಸುವವರು ಮಾಡಿದ್ದರಲ್ಲಿ ಯಂತ್ರಕ್ಕೆ ತಿಳಿಯದ್ದು ಒಂದರಲ್ಲಿ. ಯಂತ್ರಕ್ಕೆ ತಿಳಿದದ್ದು ಇನ್ನೊಂದರಲ್ಲಿ. ಯಂತ್ರ ಅವರಿಗೆ ತೋರಿಸಿದ್ದು ಮೂರನೆಯದರಲ್ಲಿ. ಯಂತ್ರ ಮಾಡಿದವರ ಮನಸ್ಸಿನ ಲೆಕ್ಕಾಚಾರ ನಾಲ್ಕನೆಯದರಲ್ಲಿ. ಹಾಗೆ ಜೋಡಿಸಿದಾಗ ವಿಷಯ ಸ್ಪಷ್ಟವಾಯಿತು. ಇಬ್ಬರು ಮನುಷ್ಯರು ಆಡಿದ ಮಾತು, ಬೆರಳಿಟ್ಟು ತೋರಿಸಿದ್ದು, ಅನುಮಾನಪಟ್ಟದ್ದು, ಒಬ್ಬರನ್ನೊಬ್ಬರು ತಿದ್ದಿದ್ದು, ಇವೆಲ್ಲ ಮೊದಲ ಅಂಕಣದಲ್ಲಿ ತುಂಬಿತ್ತು. ಯಂತ್ರಕ್ಕೆ ತಲುಪಿದ್ದು ಗುಂಡಿ ಒತ್ತಿದ್ದು, ಮುಚ್ಚಳ ತೆರೆದದ್ದು, ಇಷ್ಟೇ. ಯಂತ್ರಕ್ಕೆ ಒಂದು ಯೋಜನೆ ಕೊಡಲಾಗಿತ್ತು. ಎದುರಿಗಿರುವವರು ಆ ಯೋಜನೆಯಂತೆಯೇ ನಡೆಯುತ್ತಿದ್ದಾರೆಂದು ಅದು ನಂಬಿಕೊಂಡಿತ್ತು. ಅವರು ದಾರಿ ತಪ್ಪಿದಾಗಲೂ ಯಂತ್ರ ಎಲ್ಲ ಸರಿಯಾಗಿದೆ ಎಂಬಂತೆ ಮುಂದುವರಿಯುತ್ತಿತ್ತು. ಅವರು ಸರಿಯಾಗಿದ್ದಾಗಲೂ ಕೆಲವೊಮ್ಮೆ ಅದರ ಉತ್ತರ ನೋಡಿ ತಪ್ಪಾಯಿತೇನೋ ಎಂದು ಗಾಬರಿಯಾಗುತ್ತಿದ್ದರು. 1987ರಲ್ಲಿ ಪ್ರಕಟವಾದ ಅವರ ಪುಸ್ತಕ ಗಣಕ ವಿಜ್ಞಾನದವರ ಯೋಚನೆಯ ದಿಕ್ಕನ್ನೇ ಬದಲಿಸಿತು.

ಯೋಜನೆ ಬೇರೆ, ನಡೆ ಬೇರೆ

ಸಚ್‌ಮನ್ ತಮ್ಮ ವಾದಕ್ಕೆ ಕೊಡುವ ದೃಷ್ಟಾಂತ ಸೊಗಸಾಗಿದೆ. ಯೂರೋಪಿನ ನಾವಿಕ ನಕ್ಷೆಯ ಮೇಲೆ ಗೆರೆ ಎಳೆದುಕೊಂಡು, ಆ ಗೆರೆ ಬಿಡದಂತೆ ಹಡಗು ನಡೆಸುತ್ತಾನೆ. ಪೆಸಿಫಿಕ್ ಸಾಗರದ ಟ್ರುಕ್ ದ್ವೀಪದ ನಾವಿಕನಿಗೆ ಗೆರೆ ಇಲ್ಲ, ಗುರಿ ಮಾತ್ರ ಇದೆ. ಗಾಳಿ, ಅಲೆ, ನಕ್ಷತ್ರ, ದೋಣಿಯ ಬದಿಗೆ ನೀರು ಬಡಿಯುವ ಸದ್ದು, ಇವುಗಳನ್ನು ನೋಡುತ್ತ ಕೇಳುತ್ತ ಆಯಾ ಕ್ಷಣಕ್ಕೆ ತಕ್ಕಂತೆ ನಡೆಸುತ್ತಾನೆ. ಯಾವ ಕ್ಷಣದಲ್ಲಿ ಕೇಳಿದರೂ ಗುರಿ ಯಾವ ಕಡೆಗಿದೆಯೆಂದು ಬೆರಳು ತೋರಿಸಬಲ್ಲ. ಹೇಗೆ ಬಂದೆ ಎಂದರೆ ವಿವರಿಸಲಾರ. ಸಚ್‌ಮನ್ ಹೇಳುವುದೇನೆಂದರೆ, ಬಾಯಲ್ಲಿ ಯೋಜನೆ ಹೇಳಿದರೂ ಕೆಲಸದಲ್ಲಿ ನಾವೆಲ್ಲ ಟ್ರುಕ್‌ನವರೇ. ಯೋಜನೆ ನಮಗೆ ಆಸರೆ, ಅದೇ ಕೆಲಸವಲ್ಲ.

ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ. ಇದು ಯೋಜನೆ. ಆದರೆ 45ನೆಯ ದಿನ ಮಳೆ ಬಿಡದಿದ್ದರೆ? ಬೆಳಿಗ್ಗೆ ಹೊಳವಾದರೂ ಮರ ಜಾರುತ್ತಿದ್ದರೆ? ಕೊನೆಗಾರ ಮರದ ಬುಡಕ್ಕೆ ಕೈಯಿಟ್ಟು, ಮುಗಿಲು ನೋಡಿ, “ಹತ್ತು ಗಂಟೆಯ ಮೇಲೆ ನೋಡೋಣ” ಎನ್ನುತ್ತಾನೆ. ಪಕ್ಕದ ತೋಟದಲ್ಲಿ ಕಾಯಿ ಉದುರಿದ ಸುದ್ದಿ ಬಂದರೆ 45ನೆಯ ದಿನಕ್ಕೆ ಕಾಯದೆ 35ಕ್ಕೇ ಹತ್ತುತ್ತೇವೆ. ದಿನಚರಿಯಲ್ಲಿ ಮಾತ್ರ “ಎರಡನೆಯ ಔಷಧಿ ಆಯಿತು” ಎಂದು ಒಂದೇ ಸಾಲು. ಆ ಒಂದು ಸಾಲನ್ನು ಓದಿ ಯಂತ್ರ ಮಾಡುವವನಿಗೆ ಕೊನೆಗಾರನ ಕೈಯೂ ಕಾಣುವುದಿಲ್ಲ, ಪಕ್ಕದ ತೋಟವೂ ಕಾಣುವುದಿಲ್ಲ.

ಇನ್ನೊಂದು ದೃಷ್ಟಾಂತ ರಷ್ಯದ್ದು. ಸೋವಿಯತ್ ಮನಶ್ಶಾಸ್ತ್ರಜ್ಞ ಲಿಯೊಂಟಿಯೆವ್ (1903-1979) ಮನುಷ್ಯನ ಚಟುವಟಿಕೆಯನ್ನು ವಿವರಿಸಲು ಬೇಟೆಯ ಉದಾಹರಣೆ ಎತ್ತಿಕೊಂಡರು. ಬೇಟೆಯಲ್ಲಿ ಹಳು ನುಗ್ಗಿ ಮೃಗವನ್ನು ಎಬ್ಬಿಸುವವರು ಮಾಡುವುದೇನು? ಕೂಗಿ, ಬಡಿದು, ಪ್ರಾಣಿಯನ್ನು ತಮ್ಮಿಂದ ದೂರ ಓಡಿಸುತ್ತಾರೆ. ಅಷ್ಟನ್ನೇ ನೋಡಿದವನಿಗೆ ಇದು ಹುಚ್ಚುತನ: ಮಾಂಸ ಬೇಕಾದವನು ಪ್ರಾಣಿಯನ್ನು ಏಕೆ ಓಡಿಸುತ್ತಾನೆ? ಆಚೆ ಬದಿಯಲ್ಲಿ ಕಾದು ನಿಂತವರಿದ್ದಾರೆ, ಕೊನೆಗೆ ಪಾಲು ಎಲ್ಲರಿಗೂ ಇದೆ ಎಂದು ತಿಳಿದಾಗಲೇ ಆ ಕೂಗಿಗೆ ಅರ್ಥ ಬರುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಮುಂಚಿನ ಮಲೆನಾಡಿನ ಬೇಟೆಯ ಕಥೆಗಳನ್ನು ಹಿರಿಯರಿಂದ ಕೇಳಿದವರಿಗೆ ಈ ಮಾತು ಕೂಡಲೇ ಹಿಡಿಯುತ್ತದೆ. ಒಬ್ಬನ ಕೈಕೆಲಸವನ್ನು ಬಿಡಿಯಾಗಿ ನೋಡಿದರೆ ಅದು ಏಕೆ ಎಂಬುದು ತಿಳಿಯದು. ಯಾರೊಡನೆ, ಯಾವುದಕ್ಕಾಗಿ ಎಂಬುದನ್ನು ಸೇರಿಸಿಯೇ ನೋಡಬೇಕು. ತಂತ್ರಾಂಶ ಬರೆಯುವವರು ಎಷ್ಟೋ ವೇಳೆ “ಈ ಹಂತ ವ್ಯರ್ಥ” ಎಂದು ತೆಗೆದುಹಾಕುವುದು ಈ ಹಳು ನುಗ್ಗುವವನ ಕೂಗನ್ನೇ.

ಕಿವಿಯಲ್ಲಿ ನಡೆಯುವ ಕೆಲಸ

ಕೆಲಸದ ಒಂದು ಭಾಗ ಕಾಗದದಲ್ಲೂ ಇರುವುದಿಲ್ಲ, ಕೈಯಲ್ಲೂ ಇರುವುದಿಲ್ಲ, ಕಿವಿಯಲ್ಲಿ ಇರುತ್ತದೆ. ಕ್ರಿಶ್ಚಿಯನ್ ಹೀತ್ ಮತ್ತು ಪಾಲ್ ಲಫ್ ಎಂಬ ಇಂಗ್ಲೆಂಡಿನ ಇಬ್ಬರು ಸಮಾಜಶಾಸ್ತ್ರಜ್ಞರು ಲಂಡನ್ನಿನ ನೆಲದಡಿಯ ರೈಲಿನ ಬೇಕರ್‌ಲೂ ಮಾರ್ಗದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ನೋಡಿ, 1992ರಲ್ಲಿ ಬರೆದ ಪ್ರಬಂಧ ಇದಕ್ಕೆ ಹೆಸರಾಂತ ನಿದರ್ಶನ. ಅಲ್ಲಿ ರೈಲುಗಳನ್ನು ನೋಡಿಕೊಳ್ಳುವ ನಿಯಂತ್ರಕರೂ ಪ್ರಯಾಣಿಕರಿಗೆ ಪ್ರಕಟಣೆ ಹೇಳುವ ಸಹಾಯಕರೂ ಅಕ್ಕಪಕ್ಕ ಕುಳಿತಿರುತ್ತಾರೆ. ನಿಯಂತ್ರಕ ಚಾಲಕನೊಡನೆ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಸಹಾಯಕ ತನ್ನ ಕೆಲಸ ಮಾಡುತ್ತ ಕಿವಿ ಅತ್ತ ಇಟ್ಟಿರುತ್ತಾನೆ. ಮಾತು ಮುಗಿಯುವ ಹೊತ್ತಿಗೆ, ಯಾರೂ ಹೇಳದೆಯೇ, ಪ್ರಕಟಣೆ ಆರಂಭವಾಗಿರುತ್ತದೆ. ವೇಳಾಪಟ್ಟಿಯನ್ನು ಬದಲಿಸುವಾಗ ನಿಯಂತ್ರಕ ತನ್ನಷ್ಟಕ್ಕೇ ಗಟ್ಟಿಯಾಗಿ ಓದಿಕೊಳ್ಳುತ್ತಾನೆ. ಹೊರಗಿನವರಿಗೆ ಅದು ಗೊಣಗಾಟ. ಒಳಗಿನವರಿಗೆ ಅದೇ ಸುತ್ತೋಲೆ. ಯಾರ ಕೆಲಸದ ಪಟ್ಟಿಯಲ್ಲೂ “ಗಟ್ಟಿಯಾಗಿ ಓದಿಕೊಳ್ಳತಕ್ಕದ್ದು” ಎಂದು ಬರೆದಿರುವುದಿಲ್ಲ.

ಅದೇ ಕಾಲದಲ್ಲಿ ಲಂಕಾಸ್ಟರ್ ವಿಶ್ವವಿದ್ಯಾಲಯದವರು ಲಂಡನ್ ಸಮೀಪದ ವೆಸ್ಟ್ ಡ್ರೇಟನ್‌ನ ವಿಮಾನ ಸಂಚಾರ ನಿಯಂತ್ರಣ ಕೇಂದ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ಒಂದೊಂದು ವಿಮಾನಕ್ಕೆ ಒಂದೊಂದು ಕಾಗದದ ಪಟ್ಟಿ. ಅವುಗಳನ್ನು ಚೌಕಟ್ಟಿನಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ಇದನ್ನು ಯಂತ್ರವೇ ತಾನಾಗಿ ಜೋಡಿಸಿದರೆ ಶ್ರಮ ಉಳಿಯುತ್ತದೆ ಎಂಬುದು ಸಹಜವಾದ ಯೋಚನೆ. ಆದರೆ ನೋಡುತ್ತ ಕುಳಿತವರಿಗೆ ಕಂಡದ್ದು ಬೇರೆ. ಪಟ್ಟಿಯನ್ನು ಕೈಯಿಂದ ಎತ್ತಿ ಜಾಗಕ್ಕಿಡುವಾಗಲೇ ನಿಯಂತ್ರಕನ ಗಮನ ಆ ವಿಮಾನದ ಮೇಲೆ ಹರಿಯುತ್ತದೆ. ತೊಂದರೆ ಬರಬಹುದಾದ ವಿಮಾನದ ಪಟ್ಟಿಯನ್ನು ಸಾಲಿನಿಂದ ಸ್ವಲ್ಪ ಹೊರಗೆಳೆದು ಓರೆಯಾಗಿ ಇಟ್ಟರೆ ಪಕ್ಕದವನಿಗೂ ಅದು ಎಚ್ಚರಿಕೆ. ಶ್ರಮ ಎಂದು ಕಂಡದ್ದೇ ಕಾವಲಾಗಿತ್ತು.

ಈಗ ನಮ್ಮ ತೂಕದ ಕಟ್ಟೆಗೆ ಬರೋಣ. ಚೀಲ ಏರಿಸಿದ ಮೇಲೆ ತೂಕದವರು ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಾರೆ. ಬರೆದುಕೊಳ್ಳುವ ಗುಮಾಸ್ತರು ಎರಡಡಿ ದೂರದಲ್ಲೇ ಇದ್ದಾರೆ; ಅವರಿಗಾಗಿಯಾದರೆ ಅಷ್ಟು ಕೂಗಬೇಕಾಗಿಲ್ಲ. ಕೂಗುವುದು ಕಟ್ಟೆಗೆಲ್ಲ ಕೇಳಲೆಂದು. ಮಾಲಿನ ಯಜಮಾನ ಮನೆಯಲ್ಲಿ ತೂಗಿಕೊಂಡು ಬಂದ ಅಂಕಿಯೊಡನೆ ತಾಳೆ ನೋಡುತ್ತಾನೆ. ಪಾಳಿಯಲ್ಲಿ ನಿಂತ ಅವನ ನೆರೆಯವನು ಸಾಕ್ಷಿಯಾಗುತ್ತಾನೆ. ಹಮಾಲರಿಗೆ ಮುಂದಿನ ಚೀಲ ಎತ್ತಬಹುದೆಂದು ತಿಳಿಯುತ್ತದೆ. ಸಂಘದ ಮೇಲೆ ಸದಸ್ಯರಿಗಿರುವ ನಂಬಿಕೆಯ ಅರ್ಧಪಾಲು ಆ ಕೂಗಿನಲ್ಲಿದೆ ಎಂದರೆ ಹೆಚ್ಚಲ್ಲ. ವಿದ್ಯುನ್ಮಾನ ತಕ್ಕಡಿಯಿಂದ ಅಂಕಿ ತಂತಿಯ ಮೂಲಕ ಸದ್ದಿಲ್ಲದೆ ಗಣಕಕ್ಕೆ ಹೋದರೆ ತೂಕ ಇನ್ನೂ ಕರಾರುವಾಕ್ಕಾಗಬಹುದು. ಸಾಕ್ಷಿ ಮಾತ್ರ ಇಲ್ಲವಾಗುತ್ತದೆ.

ನಮ್ಮ ತಂತಿಗೆ ಚುಚ್ಚಿದ ಚೀಟಿಗಳ ವಿಷಯವೂ ಹಾಗೆಯೇ. ತೇವಾಂಶ ಹೆಚ್ಚೆಂದು ಕಂಡ ಮಾಲಿನ ಚೀಟಿಯನ್ನು ಗುಮಾಸ್ತರು ಅಡ್ಡ ಮಡಿಸಿ ಚುಚ್ಚುತ್ತಾರೆ. ಗೋದಾಮಿನವರು ಅದನ್ನು ನೋಡಿದೊಡನೆ ಆ ಚೀಲಗಳನ್ನು ಬಾಗಿಲ ಬಳಿಯೇ ಇಳಿಸುತ್ತಾರೆ. “ಅಮ್ಮಾ, ಈ ಎರಡು ಚೀಲಕ್ಕೆ ಇನ್ನೆರಡು ಬಿಸಿಲು ಬೇಕು, ಈಗ ಬರೆಸಿದರೆ ನಿಮಗೇ ದರ ಕಡಿಮೆ” ಎಂದು ಹೇಳಿ ವಾಪಸು ಕಳುಹಿಸುವ ಅವಕಾಶ ಉಳಿಯುವುದು ಆ ಮಡಿಕೆಯಿಂದ. ಇನ್ನು ರಿಜಿಸ್ಟರಿನ ಕೊನೆಯ ಷರಾ ಅಂಕಣ: “ಖಾತೆ ತಂದೆಯ ಹೆಸರಲ್ಲಿ, ಹಣ ತಮ್ಮನ ಸಹಿಗೆ”, “ಮದುವೆ ಇದೆ, ಯುಗಾದಿಗೆ ಮೊದಲು ಟೆಂಡರಿಗೆ ಇಡುವುದು”, “ಬೆಟ್ಟೆ, ರಾಶಿ ಬೆರೆತಿದೆ, ಆರಿಸಿ ಕೊಡುತ್ತಾರಂತೆ.” ಉಳಿದ ಅಂಕಣಗಳಲ್ಲಿ ಮಾಲು ಇದೆ, ಷರಾ ಅಂಕಣದಲ್ಲಿ ಮನುಷ್ಯ ಇದ್ದಾನೆ.

ಸಂದರ್ಭವನ್ನೂ ಒಂದು ಅಂಕಣ ಮಾಡಿ ಯಂತ್ರಕ್ಕೆ ತುಂಬಿಬಿಟ್ಟರೆ ಆಯಿತಲ್ಲ ಎಂದು ಕೇಳಬಹುದು. ಸ್ಥಳ, ಸಮಯ, ಯಾರು ಇದ್ದಾರೆ ಎಂಬುದನ್ನು ತಾನೇ ಅರಿತುಕೊಳ್ಳುವ ಯಂತ್ರಗಳನ್ನು ಮಾಡುವ ಪ್ರಯತ್ನ 1990ರ ದಶಕದಿಂದ ನಡೆದೇ ಇದೆ. ಇಂದು ನಮ್ಮ ಜೇಬಿನ ಫೋನು ಅದನ್ನು ಬೇಕಾದಷ್ಟು ಮಾಡುತ್ತದೆ. ಆದರೆ ಪಾಲ್ ಡೌರಿಶ್ ಎಂಬ ವಿದ್ವಾಂಸರು 2004ರಲ್ಲಿ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದರು. ಸಂದರ್ಭವೆಂದರೆ ಕೆಲಸದ ಸುತ್ತ ಮೊದಲೇ ಇಟ್ಟಿರುವ ಪೆಟ್ಟಿಗೆಯಲ್ಲ. ಕೆಲಸ ನಡೆಯುತ್ತಿರುವಾಗ, ಅದರಲ್ಲಿ ತೊಡಗಿದವರಿಂದಲೇ, ಅದು ಹುಟ್ಟುತ್ತದೆ. ಕಟ್ಟೆಯ ಮೇಲೆ ಮಳೆ ಸುರಿಯುತ್ತಿದೆ ಎಂಬುದು ಎಲ್ಲ ದಿನವೂ ಮುಖ್ಯವಲ್ಲ; ಹೊದಿಕೆಯಿಲ್ಲದ ಪಿಕ್ಅಪ್‌ನಲ್ಲಿ ಚೆರಿ ಕಾಫಿ ಬಂದು ನಿಂತ ದಿನ ಅದೇ ಎಲ್ಲಕ್ಕಿಂತ ಮುಖ್ಯ. ಯಾವುದು ಯಾವಾಗ ಮುಖ್ಯವಾದೀತು ಎಂದು ಮೊದಲೇ ಪಟ್ಟಿ ಮಾಡಿಡಲು ಸಾಧ್ಯವಿಲ್ಲ. ಸಾಧ್ಯವಿರುವುದು, ಆ ಹೊತ್ತಿಗೆ ಅಲ್ಲಿರುವವರ ಕೈ ಕಟ್ಟಿಹಾಕದಿರುವುದು.

ಲಂಡನ್ನಿನ ಆಂಬ್ಯುಲೆನ್ಸುಗಳು

ಇದೆಲ್ಲ ಪಂಡಿತರ ಸೂಕ್ಷ್ಮ, ವ್ಯವಹಾರಕ್ಕೆ ಇದರಿಂದ ಏನಾಗಬೇಕು ಎನ್ನುವವರು 1992ರಲ್ಲಿ ಲಂಡನ್ ಆಂಬ್ಯುಲೆನ್ಸ್ ಸೇವೆಯಲ್ಲಿ ನಡೆದದ್ದನ್ನು ತಿಳಿಯಬೇಕು. ಸುಮಾರು 600 ಚದರ ಮೈಲಿ ವ್ಯಾಪ್ತಿಯ, ದಿನಕ್ಕೆ ಎರಡು ಸಾವಿರಕ್ಕೂ ಮೇಲ್ಪಟ್ಟು ಕರೆಗಳು ಬರುವ ಸೇವೆ ಅದು. ಹಳೆಯ ಕ್ರಮ ಹೀಗಿತ್ತು: ಕರೆ ತೆಗೆದುಕೊಂಡವರು ವಿವರವನ್ನು ಒಂದು ಕಾಗದದ ನಮೂನೆಯಲ್ಲಿ ಬರೆದು, ನಕ್ಷೆಯಲ್ಲಿ ಸ್ಥಳ ಹುಡುಕಿ, ಚಲಿಸುವ ಪಟ್ಟಿಯ ಮೇಲೆ ಹಾಕುವರು. ಅದು ಆಯಾ ಭಾಗದ ಹಂಚಿಕೆದಾರರಿಗೆ ಹೋಗುವುದು. ಯಾವ ಗಾಡಿ ಎಲ್ಲಿದೆ, ಯಾವುದನ್ನು ಕಳುಹಿಸಬೇಕು ಎಂದು ಅವರು ತೀರ್ಮಾನಿಸುವರು. ನಿಧಾನವಿತ್ತು, ಕಾಗದ ಕಳೆಯುವುದೂ ಇತ್ತು. ಬದಲಾವಣೆ ಬೇಕಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಅಕ್ಟೋಬರ್ 26ರ ಸೋಮವಾರ ಇಡೀ ಲಂಡನ್ನಿಗೆ ಒಮ್ಮೆಗೇ ಗಣಕ ವ್ಯವಸ್ಥೆ ಜಾರಿಗೆ ಬಂತು. ಯಾವ ಗಾಡಿ ಹೋಗಬೇಕೆಂದು ಗಣಕವೇ ಹೇಳುವ ಏರ್ಪಾಡು. ಅದಕ್ಕೆ ಪ್ರತಿ ಗಾಡಿಯೂ ಎಲ್ಲಿದೆ, ಏನು ಮಾಡುತ್ತಿದೆ ಎಂಬ ಮಾಹಿತಿ ಸದಾ ಸರಿಯಾಗಿ ಬರುತ್ತಿರಬೇಕು. ಸಿಬ್ಬಂದಿ ಗಾಡಿಯಲ್ಲಿನ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತುತ್ತಿರಬೇಕು. ಗೊತ್ತುಮಾಡಿದ ಗಾಡಿಯನ್ನೇ ಏರಬೇಕು. ರೋಗಿಯನ್ನು ಎತ್ತುವ ಆತುರದಲ್ಲಿ ಗುಂಡಿ ಮರೆಯುವುದು, ಕೈಗೆ ಸಿಕ್ಕ ಬೇರೆ ಗಾಡಿ ಏರಿ ಹೋಗುವುದು, ಇವೆಲ್ಲ ಹಳೆಯ ಕ್ರಮದಲ್ಲಿ ಹಂಚಿಕೆದಾರರು ರೇಡಿಯೋದಲ್ಲಿ ಎರಡು ಮಾತಾಡಿ ಸರಿಪಡಿಸುತ್ತಿದ್ದ ಸಂಗತಿಗಳು. ಹೊಸ ಕ್ರಮದಲ್ಲಿ ಅವು ಒಂದರ ಮೇಲೊಂದು ತಪ್ಪು ಮಾಹಿತಿಯಾಗಿ ಬೆಳೆದವು. ಒಂದೇ ಸ್ಥಳಕ್ಕೆ ಎರಡು ಗಾಡಿ ಹೋದವು. ಹತ್ತಿರದ ಗಾಡಿ ಬಿಟ್ಟು ದೂರದ್ದು ಹೋಯಿತು. ಗಮನ ಕೊಡಿ ಎಂಬ ಸಂದೇಶಗಳು ಪರದೆಯಲ್ಲಿ ಒತ್ತೊತ್ತಾಗಿ ಬಂದು, ಓದುವ ಮೊದಲೇ ಮೇಲಕ್ಕೆ ಸರಿದು ಮರೆಯಾದವು. ಗಾಡಿ ಬಾರದವರು ಮತ್ತೆ ಮತ್ತೆ ಕರೆ ಮಾಡಿದರು. ಕರೆ ಇನ್ನೂ ಹೆಚ್ಚಿತು. ಮೇಲಾಗಿ ಅದೇ ಹೊತ್ತಿಗೆ ಕೊಠಡಿಯ ಆಸನ ವ್ಯವಸ್ಥೆಯನ್ನೂ ಬದಲಿಸಲಾಗಿತ್ತು. ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತು ಒಟ್ಟಿಗೆ ತೊಡಕು ಬಿಡಿಸುತ್ತಿದ್ದವರು ಬೇರೆ ಬೇರೆಯಾಗಿದ್ದರು. ಕೈಯಲ್ಲಿ ಕಾಗದವೂ ಇರಲಿಲ್ಲ.

ಮರುದಿನವೇ ಅರೆಬರೆ ಹಳೆಯ ಕ್ರಮಕ್ಕೆ ಮರಳಿದರು. ನವೆಂಬರ್ 4ರ ನಸುಕಿನಲ್ಲಿ ಗಣಕ ಪೂರ್ತಿ ಸ್ಥಗಿತವಾಯಿತು. ಪ್ರತಿ ಗಾಡಿ ಹೊರಟಾಗಲೂ ಗಣಕದ ಸ್ಮೃತಿಯನ್ನು ಸ್ವಲ್ಪ ಸ್ವಲ್ಪವೇ ತಿನ್ನುವಂತೆ ತಂತ್ರಾಂಶದಲ್ಲಿ ಉಳಿದುಬಿಟ್ಟಿದ್ದ ಒಂದು ಚೂರು ಅದಕ್ಕೆ ಕಾರಣ. ಆ ಬಳಿಕ ಎಲ್ಲವೂ ಮತ್ತೆ ಕಾಗದಕ್ಕೆ ಬಂತು.

1993ರ ಫೆಬ್ರವರಿಯಲ್ಲಿ ಪ್ರಕಟವಾದ ವಿಚಾರಣಾ ವರದಿಯ ಒಂದು ಮಾತು ನಮಗೆಲ್ಲ ಪಾಠ. ಕೊನೆಯ ದಿನದ ಸ್ಥಗಿತ ಯಂತ್ರದ ದೋಷವೇ. ಆದರೆ ಮೊದಲ ಎರಡು ದಿನ, ಅಂದರೆ ಅಕ್ಟೋಬರ್ 26 ಮತ್ತು 27ರಂದು, ತಾಂತ್ರಿಕ ಅರ್ಥದಲ್ಲಿ ಗಣಕ ಕೆಡಲಿಲ್ಲ. ಬಹಳ ನಿಧಾನವಾಯಿತು ನಿಜ, ಆದರೆ ಒಟ್ಟಿನಲ್ಲಿ ಏನು ಮಾಡಲೆಂದು ಅದನ್ನು ರಚಿಸಿದ್ದರೋ ಅದನ್ನೇ ಅದು ಮಾಡಿತು ಎಂದು ವರದಿ ಹೇಳಿತು. ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಹುದು. ತಪ್ಪು ತಿಳಿವಳಿಕೆಯ ಮೇಲೆ ಕಟ್ಟಿದ ಯಂತ್ರ ಸರಿಯಾಗಿ ನಡೆದಷ್ಟೂ ಕೇಡು. ಮುಂದೆ 1996ರಲ್ಲಿ ಅದೇ ಸೇವೆ ಹೊಸ ಗಣಕ ವ್ಯವಸ್ಥೆಯನ್ನು ತಂದಾಗ ಸಿಬ್ಬಂದಿಯನ್ನು ಜೊತೆಯಲ್ಲಿಟ್ಟುಕೊಂಡು, ಸರಳವಾದದ್ದರಿಂದ ಆರಂಭಿಸಿ, ಹಂತ ಹಂತವಾಗಿ ಮುಂದುವರಿಯಿತು. ಆಗ ಅದು ಯಶಸ್ವಿಯಾಯಿತು.

ಹಾಗಾದರೆ ಹಳೆಯ ಪುಸ್ತಕವೇ ಇರಲಿ ಎಂದೇ?

ಖಂಡಿತ ಅಲ್ಲ. ಪೆನ್ಸಿಲಿನ ಷರಾದಲ್ಲಿ ಕರುಣೆ ಇರುವಂತೆಯೇ ಪಕ್ಷಪಾತವೂ ಇರಬಹುದು. ಒಬ್ಬರ ಮಾಲನ್ನು ಮೊದಲು ಟೆಂಡರಿಗೆ ಇಟ್ಟು ಇನ್ನೊಬ್ಬರದನ್ನು ಹಿಂದೆ ಸರಿಸಿದರೆ ಪುಸ್ತಕ ಅದನ್ನು ಹೇಳುವುದಿಲ್ಲ; ಗಣಕ ಹೇಳುತ್ತದೆ. ನಮ್ಮ ರಾಜ್ಯದ ಭೂಮಿ ಯೋಜನೆಯನ್ನೇ ನೋಡಿ. 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಬಂದು, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಒಂದು ಪಹಣಿಗಾಗಿ ಗ್ರಾಮಲೆಕ್ಕಿಗರ ದಾರಿ ಕಾಯುತ್ತಿದ್ದ ಕಾಲವನ್ನು ಕಂಡ ಯಾರೂ ಅದು ಮರಳಲೆಂದು ಬಯಸಲಾರರು. ಅದರ ಜೊತೆಗೇ ಇನ್ನೊಂದನ್ನೂ ನಾವು ಕಂಡಿದ್ದೇವೆ. ಪಾಲಾಗದೆ ಅಜ್ಜನ ಹೆಸರಿನಲ್ಲೇ ನಿಂತ ಖಾತೆ ಗಣಕ ಬಂದ ಮೇಲೂ ಅಜ್ಜನ ಹೆಸರಿನಲ್ಲೇ ನಿಂತಿತು. ದಾಖಲೆಯನ್ನು ಯಂತ್ರ ಚೊಕ್ಕಗೊಳಿಸುತ್ತದೆ. ಮನೆಯೊಳಗಿನ ಸಂಗತಿ ಅದಕ್ಕೆ ತಿಳಿಯುವುದಿಲ್ಲ.

ನೋಡಿ ಕಲಿತು ಕಟ್ಟಿದರೆ ಗಣಕವೇ ಎಷ್ಟು ಉಪಕಾರಿ ಎಂಬುದಕ್ಕೂ ಅದೇ ಜೆರಾಕ್ಸ್ ಕಂಪನಿ ಸಾಕ್ಷಿ. ಅಲ್ಲಿನ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ನಕಲು ಯಂತ್ರ ರಿಪೇರಿ ಮಾಡುವವರ ಜೊತೆ ತಿರುಗಾಡಿ ನೋಡಿದರು. ಕೈಪಿಡಿಯಲ್ಲಿ ಇಂಥ ದೋಷಕ್ಕೆ ಇಂಥ ಪರೀಕ್ಷೆ ಎಂದು ಬರೆದಿತ್ತು. ಆದರೆ ಬಿಡಿಸಲಾಗದ ತೊಡಕುಗಳು ಬಿಡಿಸಿಕೊಳ್ಳುತ್ತಿದ್ದುದು ಅವರು ಒಟ್ಟಿಗೆ ಊಟಕ್ಕೆ ಕುಳಿತಾಗ ಹೇಳಿಕೊಳ್ಳುತ್ತಿದ್ದ ಕಥೆಗಳಲ್ಲಿ. ಆರ್ ಅವರ ಪುಸ್ತಕ 1996ರಲ್ಲಿ ಬಂತು. ಅದೇ ದಶಕದಲ್ಲಿ ಕಂಪನಿ ‘ಯುರೇಕಾ’ ಎಂಬ ಗಣಕ ವ್ಯವಸ್ಥೆಯನ್ನು ಮೊದಲು ಫ್ರಾನ್ಸಿನಲ್ಲಿ ಜಾರಿಗೆ ತಂದಿತು. ರಿಪೇರಿಯವರು ತಾವು ಕಂಡುಕೊಂಡ ಉಪಾಯವನ್ನು ಅದರಲ್ಲಿ ಬರೆಯಬಹುದು, ಅವರ ಜೊತೆಯವರೇ ಅದನ್ನು ಪರೀಕ್ಷಿಸಿ ಒಪ್ಪುವರು, ಬರೆದವನ ಹೆಸರೂ ಅದರ ಜೊತೆ ಇರುವುದು. ಊಟದ ಹೊತ್ತಿನ ಮಾತನ್ನು ನಿಲ್ಲಿಸಲಿಲ್ಲ. ಅದಕ್ಕೆ ಇನ್ನಷ್ಟು ದೂರ ಕೇಳುವ ಶಕ್ತಿ ಕೊಟ್ಟರು.

ನಾವು ಮಾಡಬಹುದಾದದ್ದು

ಇಷ್ಟನ್ನೂ ಗಮನದಲ್ಲಿಟ್ಟುಕೊಂಡು ಆಡಳಿತ ಮಂಡಳಿಯ ಮುಂದೆ ಈ ಸಲಹೆಗಳನ್ನು ಇಡುತ್ತಿದ್ದೇನೆ. ಸದಸ್ಯರು ತಮ್ಮ ಅಭಿಪ್ರಾಯ ತಿಳಿಸಬೇಕು.

1. ಕೆಲಸದ ಪಟ್ಟಿಯನ್ನು ಬೈಲಾ ನೋಡಿ ಬರೆಯುವುದು ಬೇಡ. ತಂತ್ರಾಂಶ ಬರೆಯುವವರಲ್ಲಿ ಒಬ್ಬರಾದರೂ ಜನವರಿಯ ನೂಕುನುಗ್ಗಲಿನಲ್ಲಿ ಎರಡು ವಾರ, ಜುಲೈ ತಿಂಗಳ ಮಳೆಯಲ್ಲಿ ಕೆಲವು ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ನೋಡಬೇಕು. ಇದನ್ನು ಕರಾರಿನಲ್ಲೇ ಸೇರಿಸಬೇಕು. ಅವರ ಊಟ ವಸತಿಯ ಖರ್ಚು ಮುಂದಿನ ನಷ್ಟದ ಎದುರಿಗೆ ಏನೂ ಅಲ್ಲ.

2. ಈ ಕಾರ್ಯಕ್ಕಾಗಿ ನೇಮಿಸುವ ಉಪಸಮಿತಿಯಲ್ಲಿ ನಿರ್ದೇಶಕರು ಮಾತ್ರವಲ್ಲದೆ ತೂಕದವರು, ಗುಮಾಸ್ತರು, ಹಮಾಲರ ಪರವಾಗಿ ಒಬ್ಬರು, ತಾವೇ ಮಾಲು ತರುವ ಮಹಿಳಾ ಸದಸ್ಯರಲ್ಲಿ ಇಬ್ಬರು ಇರಬೇಕು.

3. ತೂಕ ಗಣಕಕ್ಕೆ ನೇರವಾಗಿ ಹೋಗಲಿ. ಅಂಕಿಯನ್ನು ಕೂಗುವುದೂ ನಿಲ್ಲದಿರಲಿ. ಜೊತೆಗೆ ಸದಸ್ಯರ ಕಡೆಗೆ ಮುಖ ಮಾಡಿ ದೊಡ್ಡ ಅಕ್ಷರದ ಅಂಕಿಫಲಕ ಇರಲಿ. ಚೀಟಿ ಕನ್ನಡದಲ್ಲಿ ಬರಲಿ.

4. ಷರಾ ಅಂಕಣ ತಂತ್ರಾಂಶದಲ್ಲೂ ಇರಬೇಕು, ಬೇಕಾದಷ್ಟು ಬರೆಯಲು ಜಾಗವಿರಬೇಕು. ಬರೆದವರು ಯಾರು, ಯಾವ ದಿನ ಎಂಬುದು ತಾನಾಗಿ ದಾಖಲಾಗಲಿ. ಗುಮಾಸ್ತರು ಕಾರಣ ಬರೆದು ಕ್ರಮ ಬದಲಿಸುವ ಅಧಿಕಾರ ಇರಲಿ. ಆ ಕಾರಣಗಳನ್ನು ತಿಂಗಳಿಗೊಮ್ಮೆ ಮಂಡಳಿ ನೋಡಲಿ. ಕರುಣೆಯೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ.

5. ಎಲ್ಲವನ್ನೂ ಒಂದೇ ಸೋಮವಾರ ಆರಂಭಿಸುವುದು ಬೇಡ. ಮೊದಲು ಚಾಲಿ ಅಡಿಕೆ ಒಂದನ್ನೇ ತೆಗೆದುಕೊಂಡು ಒಂದು ಸುಗ್ಗಿ ಪುಸ್ತಕವನ್ನೂ ಗಣಕವನ್ನೂ ಜೊತೆಯಾಗಿ ನಡೆಸೋಣ. ಎರಡೂ ತಾಳೆಯಾದ ಮೇಲೆ ಕೆಂಪಡಿಕೆ, ಕಾಫಿ, ಮೆಣಸು. ಕರೆಂಟು ಹೋದ ದಿನ, ಸಂಪರ್ಕ ಕಡಿದ ದಿನ ಬಳಸಲು ಅಚ್ಚುಮಾಡಿದ ರಸೀದಿ ಪುಸ್ತಕ ಸದಾ ಮೇಜಿನ ಮೇಲಿರಲಿ.

6. ಮೊದಲ ಸುಗ್ಗಿಯ ನಂತರ ಕಟ್ಟೆಯವರು ಸೂಚಿಸುವ ಬದಲಾವಣೆಗಳನ್ನು ಹೆಚ್ಚು ಹಣವಿಲ್ಲದೆ ಮಾಡಿಕೊಡತಕ್ಕದ್ದು ಎಂಬ ಷರತ್ತು ಇರಬೇಕು. ಮೊದಲ ವರ್ಷವೇ ಎಲ್ಲ ಸರಿಯಾಗಿರುತ್ತದೆ ಎಂದು ಹೇಳುವವರ ಮಾತನ್ನು ನಂಬಬೇಕಾಗಿಲ್ಲ.

ಇವುಗಳಿಂದ ಕೆಲಸ ಒಂದು ವರ್ಷ ತಡವಾಗಬಹುದು ಎಂದು ಕೆಲವು ಕಿರಿಯ ಸದಸ್ಯರು ಈಗಾಗಲೇ ಆಕ್ಷೇಪಿಸಿದ್ದಾರೆ. ಅವರ ಆತುರ ಒಳ್ಳೆಯದಕ್ಕೇ ಆಗಿದೆ. ಸಂಘ ಹಿಂದೆ ಬೀಳಬಾರದೆಂಬ ಕಾಳಜಿ ಅದರಲ್ಲಿದೆ. ಆದರೆ ಹೊಸ ಜಾಗದಲ್ಲಿ ಕಾಫಿ ನೆಡುವವರು ಮೊದಲು ನೆರಳು ನೋಡುತ್ತಾರೆ, ನೀರು ಹರಿಯುವ ದಿಕ್ಕು ನೋಡುತ್ತಾರೆ, ಒಂದು ಮಳೆಗಾಲ ಕಳೆಯಲೆಂದು ಬಿಡುತ್ತಾರೆ. ಅದನ್ನು ಯಾರೂ ತಡವೆಂದು ಕರೆಯುವುದಿಲ್ಲ. ಮುಂದಿನ ಮಂಡಳಿ ಸಭೆಗೆ ಮುಂಚೆ ಸದಸ್ಯರು ತಮ್ಮ ತಮ್ಮ ಅನುಭವದಿಂದ, ಕಟ್ಟೆಯ ಮೇಲೆ ನಡೆಯುವ ಆದರೆ ಯಾವ ಪುಸ್ತಕದಲ್ಲೂ ಇಲ್ಲದ ಒಂದೊಂದು ಕೆಲಸವನ್ನಾದರೂ ಬರೆದು ಕಚೇರಿಗೆ ಕಳುಹಿಸಬೇಕೆಂದು ಕೋರುತ್ತೇನೆ. ಅಂಥ ಚೀಟಿಗಳ ಕಂತೆಯೇ ನಾವು ತಂತ್ರಾಂಶದವರಿಗೆ ಕೊಡಬಹುದಾದ ಸರಿಯಾದ ಪಟ್ಟಿ.

— ಕಾರ್ಯದರ್ಶಿ